ಅಂಗೈಯಗಲದ ಮರದಲ್ಲಿ ಹಕ್ಕಿಗಳ ಲೋಕ

ಥಾಮಸ್ ಬ್ಯೂಯಿಕ್ (1753–1828) ದೊಡ್ಡ ಚಿತ್ರಗಳನ್ನು ಬರೆದವನಲ್ಲ, ದೊಡ್ಡ ನಗರದಲ್ಲಿ ಬಾಳಿದವನೂ ಅಲ್ಲ. ಆದರೂ ಇಂಗ್ಲೆಂಡಿನ ಎಷ್ಟೋ ತಲೆಮಾರುಗಳು ಬೇಲಿಯ ಮೇಲೆ ಕೂತ ಹಕ್ಕಿಯನ್ನು ಹೆಸರು ಹಿಡಿದು ಕರೆಯಲು ಕಲಿತದ್ದು ಈ ಮರಗೆತ್ತನೆಗಾರನ ಪುಸ್ತಕಗಳಿಂದ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಳ್ಳೆಯ ಚಿತ್ರ ನೋಡಬೇಕಾದರೆ ಸಿರಿವಂತರ ಬಂಗಲೆಯೊಳಗೆ ಪ್ರವೇಶವಿರಬೇಕಿತ್ತು, ಇಲ್ಲವೇ ತಾಮ್ರದ ತಗಡಿನಿಂದ ಅಚ್ಚಾದ ದುಬಾರಿ ಪುಸ್ತಕ ಕೊಳ್ಳುವ ಶಕ್ತಿಯಿರಬೇಕಿತ್ತು. ಹಳ್ಳಿಯ ರೈತನಿಗೆ, ಪೇಟೆಯ ಕೂಲಿಯವನಿಗೆ ದಕ್ಕುತ್ತಿದ್ದದ್ದು ಬೀದಿಯಲ್ಲಿ ಮಾರುವ ಲಾವಣಿ ಹಾಳೆ ಮತ್ತು ಅದರ ನೆತ್ತಿಯ ಮೇಲಿನ ಒರಟು ಮರದಚ್ಚಿನ ಚಿತ್ರ. ಮರದಚ್ಚು ಬಡವರ ಸರಕು, ಒಳ್ಳೆಯ ಕಲಾವಿದ ಕೈಹಾಕುವ ಕೆಲಸವಲ್ಲ ಎಂಬುದೇ ಆಗಿನ ಎಣಿಕೆ.

ಆ ಎಣಿಕೆಯನ್ನು ಬುಡಮೇಲು ಮಾಡಿದವನು ಥಾಮಸ್ ಬ್ಯೂಯಿಕ್. ಅವನ ಹಕ್ಕಿಯ ಚಿತ್ರಗಳು ಮೂರು ನಾಲ್ಕು ಅಂಗುಲ ದಾಟುವುದಿಲ್ಲ. ಬಣ್ಣವಿಲ್ಲ, ಕಪ್ಪು ಶಾಯಿ, ಬಿಳಿ ಕಾಗದ, ಅಷ್ಟೆ. ಆದರೆ ಅಷ್ಟರೊಳಗೇ ಗೂಬೆಯ ಎದೆಯ ತುಪ್ಪುಳ ಮೆತ್ತಗೆ ಕಾಣುತ್ತದೆ, ರೆಕ್ಕೆಯ ಗರಿ ಬಿರುಸಾಗಿ ಕಾಣುತ್ತದೆ, ಕಾಲಿನ ಚರ್ಮದ ಒರಟು ತಿಳಿಯುತ್ತದೆ, ಹಿಂದಿನ ಗುಡ್ಡ ಮಂಜಿನಲ್ಲಿ ಮಸುಕಾಗುತ್ತದೆ. ಹತ್ತಿರದಲ್ಲಿರುವುದನ್ನು ಪೂರ್ತಿಯಾಗಿ ನೋಡಬಲ್ಲವನು ಅಗ್ಗದ ಸಾಧನದಿಂದಲೂ ಮೇರು ಕೃತಿ ಕೊಡಬಲ್ಲ ಎಂಬುದಕ್ಕೆ ಬ್ಯೂಯಿಕ್‌ನ ಬದುಕಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಟೈನ್ ನದಿಯ ದಡದ ಹುಡುಗ

ಬ್ಯೂಯಿಕ್ ಹುಟ್ಟಿದ್ದು 1753ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಉತ್ತರದಂಚಿನ ನಾರ್ತಂಬರ್ಲೆಂಡ್ ಸೀಮೆಯಲ್ಲಿ. ಮಿಕ್ಲಿ ಹಳ್ಳಿಯ ಬಳಿಯ ಚೆರಿಬರ್ನ್ ಎಂಬ ಪುಟ್ಟ ಹೊಲಮನೆ ಅವನ ತವರು. ಅಲ್ಲಿಂದ ಪೂರ್ವಕ್ಕೆ ಹತ್ತು ಹನ್ನೆರಡು ಮೈಲಿ ನಡೆದರೆ ನ್ಯೂಕ್ಯಾಸಲ್ ಪಟ್ಟಣ. ತಂದೆ ಜಾನ್ ಎಂಟು ಎಕರೆ ಗೇಣಿ ಜಮೀನಿನ ಜೊತೆಗೆ ಸಣ್ಣದೊಂದು ಕಲ್ಲಿದ್ದಲು ಗಣಿಯನ್ನೂ ಗುತ್ತಿಗೆಗೆ ಹಿಡಿದಿದ್ದ. ತಾಯಿ ಜೇನ್. ಎಂಟು ಮಕ್ಕಳಲ್ಲಿ ಥಾಮಸ್ ಹಿರಿಯವನು.

ಶಾಲೆ ಹೊಳೆಯಾಚೆಯ ಓವಿಂಗ್‌ಹ್ಯಾಮ್‌ನಲ್ಲಿತ್ತು. ಪಾಠಕ್ಕಿಂತ ಹೆಚ್ಚು ನಡೆದದ್ದು ಚಿತ್ರ ಬರೆಯುವ ಕೆಲಸವೇ. ಸ್ಲೇಟು ಸಾಲದಾದಾಗ ಪುಸ್ತಕದ ಅಂಚು, ಅಂಚು ತುಂಬಿದಾಗ ಚರ್ಚಿನ ಮುಖಮಂಟಪದ ನೆಲ, ಸಮಾಧಿಯ ಕಲ್ಲು. ಕೈಯಲ್ಲೊಂದು ಸೀಮೆಸುಣ್ಣದ ತುಂಡು. ಚಿತ್ರವೆಂಬ ಹೆಸರಿನಲ್ಲಿ ಅಲ್ಲಿಯವರೆಗೆ ಅವನು ಕಂಡಿದ್ದದ್ದು ಚರ್ಚಿನೊಳಗಿನ ರಾಜಲಾಂಛನ ಮತ್ತು ಊರ ಹೆಂಡದಂಗಡಿಗಳ ನಾಮಫಲಕ ಮಾತ್ರ. ಆದರೆ ಕೆಲವೇ ವರ್ಷಗಳಲ್ಲಿ ನೆರೆಹೊರೆಯ ಗುಡಿಸಲುಗಳ ಗೋಡೆಗಳಲ್ಲಿ ಈ ಹುಡುಗ ಬರೆದ ಬೇಟೆಯ ದೃಶ್ಯಗಳು ರಾರಾಜಿಸತೊಡಗಿದವು. ಆ ಬೇಟೆಗಾರರನ್ನೂ ಅವರ ಕುದುರೆಗಳನ್ನೂ ನಾಯಿಗಳನ್ನೂ ಊರವರೆಲ್ಲ ಬಲ್ಲರು. ತಪ್ಪು ಬರೆದರೆ ಹಿಡಿದುಬಿಡುವ ನೋಡುಗರು ಅವನಿಗೆ ಎಳವೆಯಲ್ಲೇ ಸಿಕ್ಕಿದ್ದರು.

ಅದೇ ದಿನಗಳಲ್ಲಿ ಅವನು ಒಂದು ಹಕ್ಕಿಗೆ ಕಲ್ಲು ಬೀರಿದ. ಬುಲ್‌ಫಿಂಚ್ ಎಂಬ ಆ ಹಕ್ಕಿ ಕೆಳಗೆ ಬಿತ್ತು. ಎತ್ತಿಕೊಂಡಾಗ ಅದು ತನ್ನ ಮುಖವನ್ನೇ ದಿಟ್ಟಿಸಿದಂತೆ ಕಂಡಿತೆಂದೂ, ತಾನು ಕೊಂದ ಕೊನೆಯ ಹಕ್ಕಿ ಅದೇ ಎಂದೂ ಬ್ಯೂಯಿಕ್ ಮುಪ್ಪಿನಲ್ಲಿ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಚಿತ್ರಕ್ಕಾಗಿ ಸತ್ತ ಹಕ್ಕಿಗಳನ್ನು ಅವನು ಮುಂದೆ ನೂರಾರು ಸಲ ಕೈಯಲ್ಲಿ ಹಿಡಿಯಬೇಕಾಯಿತು. ಜೀವವಿದ್ದಾಗ ಅವು ಹೇಗಿದ್ದವು ಎಂಬ ಪ್ರಶ್ನೆ ಮಾತ್ರ ಅವನನ್ನು ಎಂದೂ ಬಿಡಲಿಲ್ಲ.

ಅಂಗಡಿಯಲ್ಲಿ ಕಲಿತ ಕೈ

1767ರ ಅಕ್ಟೋಬರ್ 1ರಂದು, ಹದಿನಾಲ್ಕರ ಹರೆಯದಲ್ಲಿ, ಅವನು ನ್ಯೂಕ್ಯಾಸಲ್‌ನ ಕೆತ್ತನೆಗಾರ ರಾಲ್ಫ್ ಬೀಲ್ಬಿಯ ಬಳಿ ಶಿಷ್ಯನಾಗಿ ಸೇರಿದ. ಏಳು ವರ್ಷಗಳ ಕರಾರು. ಅಂಗಡಿಗೆ ಬಂದ ಕೆಲಸ ಯಾವುದಾದರೂ ಮಾಡಬೇಕು: ಬೆಳ್ಳಿ ಪಾತ್ರೆಯ ಮೇಲಿನ ಹೆಸರು, ಮೊಹರು, ಗಡಿಯಾರದ ಮುಖಫಲಕ, ನಾಯಿಯ ಕೊರಳಪಟ್ಟಿ, ಶವಪೆಟ್ಟಿಗೆಯ ತಗಡು, ವರ್ತಕರ ಬಿಲ್ಲಿನ ತಲೆಬರಹ. ಒರಟು ಕೆಲಸದಿಂದ ಕೈ ದಡ್ಡುಗಟ್ಟಿತು, ನಯದ ಕೆಲಸದಿಂದ ಬೆರಳು ಪಳಗಿತು.

ಬೀಲ್ಬಿಗೆ ಮರದ ಕೆಲಸವೆಂದರೆ ಅಷ್ಟಕ್ಕಷ್ಟೆ. ಊರಿನ ಗಣಿತ ಮೇಷ್ಟ್ರು ಚಾರ್ಲ್ಸ್ ಹಟನ್ ಕ್ಷೇತ್ರಮಾಪನದ ತಮ್ಮ ಪುಸ್ತಕಕ್ಕೆ ರೇಖಾಚಿತ್ರಗಳು ಬೇಕೆಂದು ಬಂದಾಗ ಆ ಕೆಲಸ ಹುಡುಗನ ಪಾಲಿಗೆ ಬಂತು. ವೃತ್ತ, ಕೋನ, ತ್ರಿಭುಜಗಳನ್ನು ಮರದಲ್ಲಿ ಕರಾರುವಾಕ್ಕಾಗಿ ಕೆತ್ತುತ್ತ ಕೆತ್ತುತ್ತ ಬ್ಯೂಯಿಕ್ ತನ್ನ ಮಾಧ್ಯಮವನ್ನು ಕಂಡುಕೊಂಡ. 1775ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಅವನ ಮರಗೆತ್ತನೆಗಳಿಗೆ ಏಳು ಗಿನಿಗಳ ಬಹುಮಾನ ಕೊಟ್ಟಿತು. ಆ ಹಣ ನೇರ ತಾಯಿಯ ಕೈಗೆ ಹೋಯಿತು.

ಹೆಸರು ಬಂದವನು ಮುಂದೇನು ಮಾಡಬೇಕು? ಲಂಡನ್ನಿಗೆ ಹೋಗಬೇಕು. 1776ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬಂದ ಬ್ಯೂಯಿಕ್ ಆ ವರ್ಷ ಲಂಡನ್ನಿಗೂ ಹೋದ. ಕೆಲಸ ಕೈತುಂಬ ಸಿಕ್ಕಿತು. ಆದರೆ ಅಲ್ಲಿನ ವೈಭವದ ಪಕ್ಕದಲ್ಲೇ ಬಿದ್ದಿದ್ದ ಬಡತನ, ಉತ್ತರದವರನ್ನು ಕಂಡರೆ ಹಗುರಾಗಿ ಆಡುವ ಜನ, ಹೊಲ ಹೊಳೆಗಳಿಲ್ಲದ ದಿನಗಳು ಅವನಿಗೆ ಒಗ್ಗಲಿಲ್ಲ. ಇಲ್ಲಿರುವುದಕ್ಕಿಂತ ಮಿಕ್ಲಿಯ ದಿಬ್ಬದ ಮೇಲೆ ವಾರಕ್ಕೆ ಐದು ಷಿಲ್ಲಿಂಗಿಗೆ ಕುರಿ ಕಾಯುವುದೇ ಮೇಲು ಎಂದು ಅವನು ಭಾವಿಸಿದ್ದ. ವರ್ಷ ತುಂಬುವ ಮೊದಲೇ, 1777ರಲ್ಲಿ, ಊರಿಗೆ ಮರಳಿ ಬೀಲ್ಬಿಯ ಅಂಗಡಿಯಲ್ಲಿ ಪಾಲುದಾರನಾದ.

ಸೋತು ಹಿಂದಿರುಗಿದವನೆಂದು ಅವನನ್ನು ಕರೆಯಲಾಗದು. ಅವನ ಕಲೆಗೆ ಬೇಕಾದ ಕಚ್ಚಾವಸ್ತು ಟೈನ್ ನದಿಯ ಕಣಿವೆಯಲ್ಲಿತ್ತು. ತಂದೆ ತಾಯಿ ಬದುಕಿರುವತನಕ ಭಾನುವಾರ ಬಂತೆಂದರೆ ಅವನು ಚೆರಿಬರ್ನ್‌ಗೆ ನಡೆದೇ ಹೋಗುತ್ತಿದ್ದ. ಮಳೆ, ಹಿಮ, ಗಾಳಿ ಯಾವುದೂ ತಡೆಯುತ್ತಿರಲಿಲ್ಲ. ಹೊಳೆ ತುಂಬಿ ದಾಟಲಾಗದಿದ್ದರೆ ಈಚೆ ದಡದಿಂದಲೇ ಕೂಗಿ ಮನೆಯವರ ಕ್ಷೇಮ ಕೇಳಿಕೊಂಡು ಹಿಂದಿರುಗುತ್ತಿದ್ದ. ಅವನ ಪುಸ್ತಕಗಳ ತುಂಬ ಕಾಣುವ ಒದ್ದೆ ದಾರಿ, ಬಾಗಿದ ಮರ, ಹೊಳೆ ಹಾಯುವ ಜನ, ಹಿಮದಲ್ಲಿ ಮೂಡಿದ ಹೆಜ್ಜೆಗುರುತು ಎಲ್ಲವೂ ಆ ನಡಿಗೆಯ ಗಳಿಕೆ.

ಮರವನ್ನು ಅಡ್ಡ ಕೊಯ್ದಾಗ

ಬ್ಯೂಯಿಕ್ ಏನು ಬದಲಿಸಿದ ಎಂಬುದನ್ನು ತಿಳಿಯಲು ಅವನ ಮೇಜಿನ ಹತ್ತಿರ ಹೋಗಬೇಕು. ಹಳೆಯ ಮರದಚ್ಚಿಗೆ ಹಲಗೆ ಸಾಕಿತ್ತು. ಉದ್ದಕ್ಕೆ ಸೀಳಿದ ಹಲಗೆಯ ಮೇಲೆ ಚಾಕುವಿನಿಂದ ಕೆತ್ತುವಾಗ ನಾರಿನ ಜಾಡಿಗೆ ಅಡ್ಡ ಹೋದರೆ ಮರ ಸಿಬಿರೇಳುತ್ತದೆ, ಸೂಕ್ಷ್ಮ ಗೆರೆ ನಿಲ್ಲುವುದಿಲ್ಲ. ಬ್ಯೂಯಿಕ್ ಆರಿಸಿಕೊಂಡದ್ದು ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು, ಅದೂ ಕಾಂಡವನ್ನು ಅಡ್ಡಕ್ಕೆ ಕೊಯ್ದ ಬಿಲ್ಲೆಯನ್ನು. ಆ ಮೈಯಲ್ಲಿ ನಾರು ನೆಟ್ಟಗೆ ಮೇಲ್ಮುಖವಾಗಿರುವುದರಿಂದ ಉಳಿ ಯಾವ ದಿಕ್ಕಿಗಾದರೂ ಸಲೀಸಾಗಿ ಓಡುತ್ತದೆ. ಚಾಕುವಿನ ಬದಲು ಅವನು ಹಿಡಿದದ್ದು ಲೋಹ ಕೆತ್ತುವವರ ಬ್ಯೂರಿನ್ ಎಂಬ ಚೂಪು ಉಳಿಯನ್ನು. ಅಡ್ಡ ಕೊಯ್ದ ಮರ ಅವನಿಗಿಂತ ಮೊದಲೂ ಬಳಕೆಯಲ್ಲಿತ್ತು. ಅದರೊಳಗೆ ಎಷ್ಟು ಶಕ್ತಿ ಅಡಗಿದೆ ಎಂದು ತೋರಿಸಿಕೊಟ್ಟವನು ಇವನು.

ಎರಡನೆಯ ಬದಲಾವಣೆ ನೋಟಕ್ಕೆ ಸೇರಿದ್ದು. ಅಚ್ಚಿನಲ್ಲಿ ಉಳಿ ಹೋದ ಕಡೆ ಬಿಳಿ, ಹೋಗದ ಕಡೆ ಕಪ್ಪು. ಹಿಂದಿನವರು ಪೆನ್ನಿನ ಕಪ್ಪು ಗೆರೆಯನ್ನು ಉಳಿಸಿಕೊಳ್ಳಲು ಅದರ ಎರಡೂ ಬದಿಯ ಮರವನ್ನು ಕಷ್ಟಪಟ್ಟು ತೆಗೆಯುತ್ತಿದ್ದರು. ಬ್ಯೂಯಿಕ್ ಕತ್ತಲೆಯಿಂದ ಶುರುಮಾಡಿ ಬೆಳಕನ್ನು ಕೆತ್ತಿದ. ಉಳಿಯ ಒಂದೊಂದು ಓಟವೂ ನೇರವಾಗಿ ಒಂದೊಂದು ಬಿಳಿ ಗೆರೆಯಾಗಿ, ನೇಗಿಲ ಸಾಲುಗಳ ಹಾಗೆ ಒತ್ತೊತ್ತಾಗಿ ಸಾಗಿ, ಗರಿಯಾಗಿ, ಎಲೆಯಾಗಿ, ನೀರಾಗಿ ಮೈದಳೆಯಿತು.

ಮೂರನೆಯದು ಬಹಳ ನಾಜೂಕಿನ ಯುಕ್ತಿ. ಚಿತ್ರದಲ್ಲಿ ದೂರ ಕಾಣಬೇಕಾದ ಗುಡ್ಡವಿರುವ ಕಡೆ ಬ್ಲಾಕಿನ ಮೈಯನ್ನು ಕೆತ್ತುವ ಮೊದಲೇ ತುಸು ಹೆರೆದು ತಗ್ಗಿಸುವುದು. ಯಂತ್ರ ಒತ್ತಿದಾಗ ಆ ಭಾಗಕ್ಕೆ ಒತ್ತಡ ಕಡಿಮೆ ಬೀಳುತ್ತದೆ, ಶಾಯಿ ತೆಳುವಾಗಿ ಹತ್ತುತ್ತದೆ. ಒಂದೇ ಶಾಯಿಯಲ್ಲಿ ಗಾಢ ಕಪ್ಪೂ ಮಂಜಿನ ಬೂದಿಯೂ ಒಟ್ಟಿಗೇ ಬರುವುದು ಹೀಗೆ.

ಇದರ ಫಲ ಕಲೆಗೆ ದಕ್ಕಿದಷ್ಟೇ ವ್ಯಾಪಾರಕ್ಕೂ ದಕ್ಕಿತು. ತಾಮ್ರದ ತಗಡಿನ ಚಿತ್ರಕ್ಕೆ ಬೇರೆ ಯಂತ್ರ ಬೇಕು, ಬೇರೆ ಹಾಳೆ ಬೇಕು. ಮರದ ಬ್ಲಾಕನ್ನು ಅಚ್ಚುಮೊಳೆಗಳ ಪಕ್ಕದಲ್ಲೇ ಕೂರಿಸಿ, ಅಕ್ಷರ ಮತ್ತು ಚಿತ್ರ ಎರಡನ್ನೂ ಒಂದೇ ಏಟಿಗೆ ಅಚ್ಚು ಹಾಕಬಹುದು. ಬಾಳಿಕೆಯೂ ಅಪಾರ. ಪತ್ರಿಕೆಯೊಂದಕ್ಕೆ ತಾನು ಕೆತ್ತಿದ ಬ್ಲಾಕು ಒಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮುದ್ರಿಸಿತ್ತೆಂದು ಬ್ಯೂಯಿಕ್ ಲೆಕ್ಕ ಕೊಟ್ಟಿದ್ದಾನೆ. ಒಳ್ಳೆಯ ಚಿತ್ರ ಸಾಮಾನ್ಯ ಪುಸ್ತಕದೊಳಗೆ ಬಂದು ಕೂತದ್ದು ಇದರಿಂದ.

ಪ್ರಾಣಿಗಳ ಪುಸ್ತಕ

ಬಾಲ್ಯದಲ್ಲಿ ಕೈಗೆ ಸಿಕ್ಕಿದ್ದ ಪ್ರಾಣಿಗಳ ಪುಸ್ತಕವೊಂದರ ಕೆಟ್ಟ ಚಿತ್ರಗಳು ಬ್ಯೂಯಿಕ್‌ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದ್ದವು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯದನ್ನು ಕೊಡಬೇಕೆಂಬ ಹಟವೇ ‘ಎ ಜನರಲ್ ಹಿಸ್ಟರಿ ಆಫ್ ಕ್ವಾಡ್ರುಪೆಡ್ಸ್’ ಎಂಬ ನಾಲ್ಕು ಕಾಲಿನ ಪ್ರಾಣಿಗಳ ಗ್ರಂಥವಾಯಿತು. 1785 ಅವನ ಪಾಲಿಗೆ ಸಾವಿನ ವರ್ಷ. ತಾಯಿ, ತಂಗಿ, ತಂದೆ ಮೂವರನ್ನೂ ಕಳೆದುಕೊಂಡ. ಗ್ರಂಥದ ಮೊದಲ ಬ್ಲಾಕನ್ನು, ಒಂಟೆಯ ಚಿತ್ರವನ್ನು, ಅವನು ಕೆತ್ತಲು ಕೂತದ್ದು ನವೆಂಬರ್ 15ರಂದು, ತಂದೆ ತೀರಿಕೊಂಡ ದಿನವೇ. ಮರುವರ್ಷ ಓವಿಂಗ್‌ಹ್ಯಾಮ್‌ನ ಇಸಬೆಲ್ಲಾ ಎಲಿಯಟ್‌ಳನ್ನು ಮದುವೆಯಾದ. ಹಗಲು ಅಂಗಡಿಯ ಕೆಲಸ, ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಪುಸ್ತಕದ ಕೆಲಸ. ಹೀಗೆ ವರ್ಷಗಳು ಸಂದವು.

ನಡುವೆ 1789ರಲ್ಲಿ ಸಿರಿವಂತ ನಿಸರ್ಗಪ್ರೇಮಿ ಮಾರ್ಮಡ್ಯೂಕ್ ಟನ್‌ಸ್ಟಾಲ್‌ಗಾಗಿ ಚಿಲಿಂಗ್‌ಹ್ಯಾಮ್‌ನ ಕಾಡುಗೂಳಿಯನ್ನು ಕೆತ್ತಿದ. ನಾರ್ತಂಬರ್ಲೆಂಡಿನ ಆ ಉದ್ಯಾನದಲ್ಲಿ ಬಿಳಿಯ ಕಾಡುದನಗಳ ಹಿಂಡು ಇಂದಿಗೂ ಇದೆ. ಮಂದೆಯ ಹತ್ತಿರ ಹೋಗಲಾಗದೆ, ಕಾದಾಟದಲ್ಲಿ ಸೋತು ಒಂಟಿಯಾಗಿದ್ದ ಗೂಳಿಯನ್ನು ನೋಡಿ ಅವನು ಚಿತ್ರ ಬರೆದುಕೊಂಡ. ಅವನ ಕೆಲಸಗಳಲ್ಲೆಲ್ಲ ಗಾತ್ರದಲ್ಲೂ ಹೆಮ್ಮೆಯಲ್ಲೂ ದೊಡ್ಡದಾದ ಆ ಬ್ಲಾಕು ಕೆಲವೇ ಪ್ರತಿ ತೆಗೆಯುವಷ್ಟರಲ್ಲಿ ಬಿರುಕುಬಿಟ್ಟಿತು. ಬಿರುಕಿಗೆ ಮುಂಚಿನ ಪ್ರತಿಗಳು ಇಂದು ಸಂಗ್ರಾಹಕರ ಪಾಲಿಗೆ ನಿಧಿ.

1790ರಲ್ಲಿ ಪ್ರಾಣಿಗಳ ಗ್ರಂಥ ಹೊರಬಂತು. ಸಾಧಾರಣ ಕಾಗದದ ಪ್ರತಿಗೆ 8 ಷಿಲ್ಲಿಂಗ್, ದೊಡ್ಡ ಕಾಗದದ್ದಕ್ಕೆ 12. ಬೇಗನೆ ಖರ್ಚಾಗಿ 1791ರಲ್ಲಿ ಎರಡನೆಯ ಮುದ್ರಣ, 1792ರಲ್ಲಿ ಮೂರನೆಯದು ಬಂತು. ಗ್ರಂಥದ ಚಿತ್ರಗಳಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಕಣ್ಣಾರೆ ಕಾಣದ ದೂರದೇಶದ ಪ್ರಾಣಿಗಳನ್ನು ಬ್ಯೂಯಿಕ್ ಬೇರೆ ಪುಸ್ತಕಗಳ ಚಿತ್ರ ನೋಡಿ ಕೆತ್ತಿದ್ದಾನೆ. ಅವು ಬಿಗಿದುಕೊಂಡು ನಿಂತಿವೆ. ಊರ ನಾಯಿ, ಗಾಡಿ ಎಳೆಯುವ ಕುದುರೆ, ಕುರಿ, ನರಿಗಳು ಉಸಿರಾಡುತ್ತವೆ. ಅವನ ದಾರಿ ಯಾವುದೆಂದು ಅವನ ಕೈಯೇ ಅವನಿಗೆ ಹೇಳಿಬಿಟ್ಟಿತ್ತು.

ಹಕ್ಕಿಗಳ ಎರಡು ಸಂಪುಟ

ಆ ದಾರಿಯ ತುದಿಯಲ್ಲಿರುವುದು ‘ಹಿಸ್ಟರಿ ಆಫ್ ಬ್ರಿಟಿಷ್ ಬರ್ಡ್ಸ್’. 1791ರಲ್ಲಿ ಬ್ಯೂಯಿಕ್ ವೈಕ್ಲಿಫ್ ಎಂಬಲ್ಲಿಗೆ ಹೋಗಿ, ಆಗಷ್ಟೇ ತೀರಿಕೊಂಡಿದ್ದ ಟನ್‌ಸ್ಟಾಲ್‌ನ ಸಂಗ್ರಹದಲ್ಲಿ ಸುಮಾರು ಎರಡು ತಿಂಗಳು ಕೂತು ಹೊಟ್ಟು ತುಂಬಿದ ಹಕ್ಕಿಗಳನ್ನು ಬರೆದ. ಕೆಲಸ ಮುಂದುವರಿದಂತೆ ಅತೃಪ್ತಿಯೂ ಬೆಳೆಯಿತು. ಒಣಗಿದ ಚರ್ಮದಲ್ಲಿ ಹಕ್ಕಿಯ ನಿಲುವು ಇರುವುದಿಲ್ಲ, ಗರಿಗಳ ಜೋಡಣೆ ಕೆಟ್ಟಿರುತ್ತದೆ. ಆದ್ದರಿಂದ ಜೀವಂತ ಹಕ್ಕಿಯನ್ನು ನೋಡುವುದು, ಇಲ್ಲವೇ ಆಗಷ್ಟೇ ಸತ್ತದ್ದನ್ನು ತರಿಸಿಕೊಳ್ಳುವುದು ಎಂದು ನಿರ್ಧರಿಸಿದ. ಸುದ್ದಿ ಹಬ್ಬಿ ನಾಡಿನ ಮೂಲೆಮೂಲೆಯಿಂದ ಪರಿಚಿತರೂ ಅಪರಿಚಿತರೂ ಹಕ್ಕಿಗಳನ್ನು ಕಳಿಸತೊಡಗಿದರು.

ಮೊದಲು ಜಲವರ್ಣದಲ್ಲಿ, ಬ್ಲಾಕಿನಷ್ಟೇ ಅಳತೆಯಲ್ಲಿ ಚಿತ್ರ ಬರೆಯುವುದು. ಅದರ ಹೊರಗೆರೆಯನ್ನು ಮರದ ಮೇಲೆ ಇಳಿಸಿಕೊಳ್ಳುವುದು. ಉಳಿದದ್ದು ಉಳಿಯ ಕೆಲಸ. ಪ್ರತಿ ಹಕ್ಕಿಯನ್ನೂ ಅದು ಬದುಕುವ ಜಾಗದಲ್ಲಿ ಇರಿಸಿದ್ದೇ ಬ್ಯೂಯಿಕ್‌ನ ಹೆಚ್ಚುಗಾರಿಕೆ. ಕೊಕ್ಕರೆಗೆ ಜೌಗು, ಗೂಬೆಗೆ ಹಳೆಯ ಕೊಂಬೆ, ಪುಟ್ಟ ರೆನ್ ಹಕ್ಕಿಗೆ ಪೊದೆಯ ಮರೆ. ಹಿನ್ನೆಲೆಯ ಕಳೆಗಿಡವನ್ನೂ ಅವನು ಹಕ್ಕಿಯಷ್ಟೇ ಶ್ರದ್ಧೆಯಿಂದ ಕೆತ್ತಿದ.

ನೆಲದ ಹಕ್ಕಿಗಳ ಮೊದಲ ಸಂಪುಟ 1797ರಲ್ಲಿ, ನೀರಹಕ್ಕಿಗಳ ಎರಡನೆಯ ಸಂಪುಟ 1804ರಲ್ಲಿ ಪ್ರಕಟವಾಯಿತು. ನಡುವೆ ಮನಸ್ತಾಪವೂ ನಡೆಯಿತು. ಮೊದಲ ಸಂಪುಟದ ಬರಹ ಮುಖ್ಯವಾಗಿ ಬೀಲ್ಬಿಯದು. ಕರ್ತೃವೆಂದು ಯಾರ ಹೆಸರು ಹಾಕಬೇಕು ಎಂಬಲ್ಲಿ ಒಮ್ಮತ ಮೂಡದೆ ಇಪ್ಪತ್ತು ವರ್ಷಗಳ ಪಾಲುದಾರಿಕೆ ಮುರಿಯಿತು. ಎರಡನೆಯ ಸಂಪುಟದ ಬರಹವನ್ನು ಬೆಡ್ಲಿಂಗ್ಟನ್ನಿನ ಪಾದ್ರಿ ಹೆನ್ರಿ ಕೋಟ್ಸ್ ಅವರ ನೆರವಿನಿಂದ ಬ್ಯೂಯಿಕ್ಕನೇ ಹೊತ್ತ. ಆ ಸಂಪುಟಗಳು ಅವನ ಬದುಕಿನುದ್ದಕ್ಕೂ ಮತ್ತೆ ಮತ್ತೆ ಅಚ್ಚಾದವು. ಇಂದಿನಂಥ ಕೈಪಿಡಿ, ಕ್ಯಾಮೆರಾಗಳಿಲ್ಲದ ಕಾಲದಲ್ಲಿ ಮನೆಯಲ್ಲೇ ಕೂತು ಹಕ್ಕಿಯ ಗುರುತು ಹಿಡಿಯುವುದು ಸಾಮಾನ್ಯ ಓದುಗನಿಗೂ ಸಾಧ್ಯವಾಯಿತು.

ಪುಟದ ಬುಡದ ಬದುಕು

ಅಧ್ಯಾಯ ಮುಗಿದು ಪುಟದಲ್ಲಿ ಜಾಗ ಉಳಿದ ಕಡೆ ಬ್ಯೂಯಿಕ್ ಚಿಕ್ಕ ಚಿಕ್ಕ ಚಿತ್ರಗಳನ್ನು ಕೂರಿಸಿದ. ಹಕ್ಕಿಗೂ ಅವಕ್ಕೂ ನೇರ ಸಂಬಂಧವಿರಲೇಬೇಕೆಂದಿಲ್ಲ. ನಾಯಿಯ ಹಿಂದೆ ಹೆಜ್ಜೆಯಿಡುವ ಕುರುಡ, ಮಳೆಯಲ್ಲಿ ತೊಯ್ಯುತ್ತ ಮೀನು ಹಿಡಿಯುವವನು, ಸಮಾಧಿಕಲ್ಲುಗಳನ್ನೇ ಕುದುರೆ ಮಾಡಿಕೊಂಡು ಆಡುವ ಮಕ್ಕಳು, ಯುದ್ಧ ಮುಗಿಸಿ ಭಿಕ್ಷೆಗಿಳಿದ ಮಾಜಿ ಸೈನಿಕ. ಕೆಲವು ನಗಿಸುತ್ತವೆ, ಕೆಲವು ಎದೆ ಕಲಕುತ್ತವೆ.

ಅವನ ರಾಜಕೀಯ ನಿಲುವೂ ಇಲ್ಲೇ ಇದೆ. ಊರೊಟ್ಟಿನ ಗೋಮಾಳಗಳಿಗೆ ಬೇಲಿ ಬಿದ್ದು ಅವು ಜಮೀನ್ದಾರರ ಪಾಲಾಗುತ್ತಿದ್ದ ಕಾಲವದು. ಒಂದು ಹಸು, ನಾಲ್ಕು ಬಾತುಕೋಳಿ ಮೇಯಿಸಿಕೊಂಡು ಸ್ವಾಭಿಮಾನದಿಂದ ಬದುಕಿದ್ದ ಬಡವರು ಬೀದಿಗೆ ಬಿದ್ದದ್ದನ್ನು ಬ್ಯೂಯಿಕ್ ಕಂಡಿದ್ದ. ಆತ್ಮಕಥೆಯಲ್ಲಿ ನೋವಿನಿಂದ ಬರೆದಿದ್ದಾನೆ. ಯುದ್ಧವನ್ನೂ ಪ್ರಾಣಿಹಿಂಸೆಯನ್ನೂ ಅಷ್ಟೇ ಕಟುವಾಗಿ ವಿರೋಧಿಸಿದ. ಪ್ರಕೃತಿಯ ಚಿತ್ರಕಾರನೆಂದು ಹೆಸರಾದ ಅವನ ಪ್ರಕೃತಿಯಲ್ಲಿ ಮನುಷ್ಯನೂ ಇದ್ದಾನೆ, ಮನುಷ್ಯನ ಹಸಿವೂ ಇದೆ.

ಈ ಚಿತ್ರಗಳೆಲ್ಲ ಒಬ್ಬನ ಕೈಯವಲ್ಲ ಎಂಬುದನ್ನೂ ಹೇಳಬೇಕು. ಅಂಗಡಿ ಒಂದು ಗುರುಕುಲವಾಗಿತ್ತು. ರಾಬರ್ಟ್ ಜಾನ್ಸನ್ ಬರೆದ, ಲ್ಯೂಕ್ ಕ್ಲೆನೆಲ್ ಕೆತ್ತಿದ ಚಿತ್ರಗಳು ಇವುಗಳ ನಡುವೆ ಇವೆ. ಚಾರ್ಲ್‌ಟನ್ ನೆಸ್ಬಿಟ್, ವಿಲಿಯಂ ಹಾರ್ವಿ ಮೊದಲಾದ ಶಿಷ್ಯರು ಲಂಡನ್ನಿಗೆ ಹೋಗಿ ಹೆಸರು ಮಾಡಿದರು. ಒಳ್ಳೆಯ ಕೆತ್ತನೆಗಾರನೇ ಆಗಿದ್ದ ತಮ್ಮ ಜಾನ್ ಮಾತ್ರ 1795ರಲ್ಲಿ ಕ್ಷಯಕ್ಕೆ ಬಲಿಯಾದ.

ಕೊನೆಯ ಬ್ಲಾಕು

1818ರಲ್ಲಿ ಈಸೋಪನ ಕಥೆಗಳ ಸಚಿತ್ರ ಆವೃತ್ತಿ ಬಂತು. ಅದರ ರಸೀತಿಯಲ್ಲಿ ಬ್ಯೂಯಿಕ್ ತನ್ನ ಹೆಬ್ಬೆಟ್ಟಿನ ಗುರುತನ್ನು ಅಚ್ಚು ಹಾಕಿಸಿದ. ಪ್ರತಿ ಅಸಲಿ ಎಂಬುದಕ್ಕೆ ಅದೇ ರುಜು. 1822ರಲ್ಲಿ ಆತ್ಮಕಥೆ ಬರೆಯಲು ತೊಡಗಿದ. ಮಗಳು ಜೇನ್ ಅದನ್ನು ಪ್ರಕಟಿಸಿದ್ದು 1862ರಲ್ಲಿ. 1826ರಲ್ಲಿ ಹೆಂಡತಿ ಇಸಬೆಲ್ಲಾ ತೀರಿಕೊಂಡಳು.

1827ರ ಏಪ್ರಿಲ್‌ನಲ್ಲಿ ಅಮೆರಿಕದ ಹಕ್ಕಿ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಅವನನ್ನು ಹುಡುಕಿಕೊಂಡು ನ್ಯೂಕ್ಯಾಸಲ್‌ಗೆ ಬಂದ. ಒಬ್ಬ ಹಕ್ಕಿಗಳನ್ನು ಸಹಜಗಾತ್ರದಲ್ಲಿ ಬಣ್ಣದೊಡನೆ ಭಾರೀ ಹಾಳೆಗಳ ಮೇಲೆ ತರಲು ಹೊರಟವನು. ಇನ್ನೊಬ್ಬ ಅಂಗೈಯಗಲದಲ್ಲಿ ಬಾಳು ಸವೆಸಿದವನು. ಇಬ್ಬರಿಗೂ ಪರಸ್ಪರ ಗೌರವ ಹುಟ್ಟಿತು. ಅಮೆರಿಕದ ರೆನ್ ಹಕ್ಕಿಯೊಂದಕ್ಕೆ ಆಡುಬಾನ್ ಬ್ಯೂಯಿಕ್‌ನ ಹೆಸರಿಟ್ಟ.

ಬ್ಯೂಯಿಕ್ ಕೊನೆಗೆ ಹಿಡಿದ ಕೆಲಸ ‘ವೇಟಿಂಗ್ ಫಾರ್ ಡೆತ್’ ಎಂಬ ದೊಡ್ಡ ಕೆತ್ತನೆ. ದುಡಿದು ದುಡಿದು ಎಲುಬಿನ ಗೂಡಾದ ಮುದಿ ಕುದುರೆ ಮಳೆಯಲ್ಲಿ ಸಾವನ್ನು ಕಾಯುತ್ತ ನಿಂತಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ನಿಲ್ಲಿಸಿ ಎಂಬ ಕರೆಯಾಗಿ, ಬಡವನ ಗೋಡೆಗೂ ಎಟುಕುವ ಬೆಲೆಯಲ್ಲಿ ಹಂಚಲೆಂದು ಅವನು ಅದನ್ನು ಯೋಜಿಸಿದ್ದ. ಮುಗಿಸಲಾಗಲಿಲ್ಲ. 1828ರ ನವೆಂಬರ್ 8ರಂದು ಗೇಟ್ಸ್‌ಹೆಡ್‌ನ ಮನೆಯಲ್ಲಿ ತೀರಿಕೊಂಡ. ಓವಿಂಗ್‌ಹ್ಯಾಮ್ ಚರ್ಚಿನ ಅಂಗಳದಲ್ಲಿ, ಹೆಂಡತಿಯ ಪಕ್ಕದಲ್ಲಿ ಅವನ ಸಮಾಧಿಯಿದೆ.

ಉಳಿದುಬಂದದ್ದು

ಅವನು ತೋರಿಸಿದ ವಿಧಾನವೇ ಹತ್ತೊಂಬತ್ತನೆಯ ಶತಮಾನದ ಸಚಿತ್ರ ಪತ್ರಿಕೋದ್ಯಮದ ಬೆನ್ನೆಲುಬಾಯಿತು. 1842ರಲ್ಲಿ ಶುರುವಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಲೋಕದ ಸುದ್ದಿಯನ್ನು ಮರಗೆತ್ತನೆಯ ಚಿತ್ರಗಳಲ್ಲೇ ಕೊಟ್ಟಿತು. ಫೋಟೋ ಬ್ಲಾಕುಗಳು ಬಂದು ಆ ಕಸುಬನ್ನು ಮೂಲೆಗೊತ್ತಿದ ಮೇಲೂ ಕಲೆ ಸಾಯಲಿಲ್ಲ. 1920ರಲ್ಲಿ ಬ್ರಿಟನ್ನಿನ ಕಲಾವಿದರು ಮರಗೆತ್ತನೆಗಾರರ ಸಂಘ ಕಟ್ಟಿದರು. ಗ್ವೆನ್ ರಾವೆರಾ, ಕ್ಲೇರ್ ಲೈಟನ್, ಆಗ್ನೆಸ್ ಮಿಲ್ಲರ್ ಪಾರ್ಕರ್ ಅಂಥವರ ಹೊಲ, ಹಕ್ಕಿ, ಮರಗಳು ಅದೇ ಅಡ್ಡ ಕೊಯ್ದ ಮರದಿಂದ ಎದ್ದುಬಂದವು.

ಸಾಹಿತ್ಯವೂ ಅವನ ಋಣ ಹೊತ್ತಿದೆ. 1847ರ ‘ಜೇನ್ ಐರ್’ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಅನಾಥ ಹುಡುಗಿ ಪರದೆಯ ಮರೆಯಲ್ಲಿ ಕೂತು ತಿರುವಿ ಹಾಕುವ ಪುಸ್ತಕ ಬ್ಯೂಯಿಕ್‌ನ ಹಕ್ಕಿಗಳದು. ವಿಜ್ಞಾನವೂ ಮರೆಯಲಿಲ್ಲ. 1830ರಲ್ಲಿ ವಿಲಿಯಂ ಯಾರೆಲ್ ಚಿಕ್ಕ ಜಾತಿಯ ಹಂಸವೊಂದಕ್ಕೆ ‘ಬ್ಯೂಯಿಕ್ ಹಂಸ’ ಎಂದು ಹೆಸರಿಟ್ಟ. ರಷ್ಯಾದ ಉತ್ತರಧ್ರುವ ಸೀಮೆಯಿಂದ ಚಳಿಗಾಲಕ್ಕೆ ಇಂಗ್ಲೆಂಡಿಗೆ ಹಾರಿಬರುವ ಆ ಹಂಸಗಳನ್ನು ಸ್ಲಿಂಬ್ರಿಜ್‌ನಲ್ಲಿ 1964ರಿಂದ ಒಂದೊಂದಾಗಿ, ಕೊಕ್ಕಿನ ಮೇಲಿನ ಹಳದಿ ಕಪ್ಪು ಮಚ್ಚೆಗಳಿಂದಲೇ ಗುರುತಿಸಿ ದಾಖಲಿಸಲಾಗುತ್ತಿದೆ. ಪ್ರತಿ ಹಕ್ಕಿಯನ್ನೂ ಬೇರೆಯಾಗಿ ನೋಡಿದವನ ಹೆಸರಿನ ಹಕ್ಕಿಗೆ ಇದಕ್ಕಿಂತ ತಕ್ಕ ಅಧ್ಯಯನ ಇನ್ನೊಂದಿಲ್ಲ.

ಹೆಣ್ಣುಮಕ್ಕಳು ಜೋಪಾನ ಮಾಡಿದ ಮೂಲ ಜಲವರ್ಣಗಳು ಇಂದು ನಾರ್ತಂಬ್ರಿಯಾದ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿವೆ. ಚೆರಿಬರ್ನ್ ನ್ಯಾಷನಲ್ ಟ್ರಸ್ಟ್‌ನ ಆರೈಕೆಯಲ್ಲಿದೆ. ನ್ಯೂಕ್ಯಾಸಲ್ ಕಡೆ ಹೋಗುವ ಕನ್ನಡಿಗರು ಅಲ್ಲಿಗೊಮ್ಮೆ ಹೋಗಿ ಬರಬೇಕು. ಹೋಗಲಾಗದವರೂ ನಿರಾಶರಾಗಬೇಕಿಲ್ಲ. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಹಕ್ಕಿಗಳ ಎರಡೂ ಸಂಪುಟಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಸಂಜೆ ಬಿಡುವು ಮಾಡಿಕೊಂಡು ತೆರೆಯಿರಿ. ಒಂದೇ ಒಂದು ಹಕ್ಕಿಯನ್ನು ಆರಿಸಿಕೊಳ್ಳಿ. ಕಣ್ಣು, ಗರಿ, ಕಾಲು, ಕೂತ ಕೊಂಬೆ, ಹಿಂದಿನ ಬಯಲು ಒಂದೊಂದನ್ನೂ ಸಾವಧಾನವಾಗಿ ನೋಡಿ, ಮಕ್ಕಳಿಗೂ ತೋರಿಸಿ. ಆಮೇಲೆ ನಿಮ್ಮ ಅಂಗಳಕ್ಕೆ ಬರುವ ಹಕ್ಕಿಯನ್ನೂ ಅದೇ ಸಾವಧಾನದಿಂದ ನೋಡಿ. ಬ್ಯೂಯಿಕ್ ತನ್ನ ಓದುಗರಿಂದ ಬಯಸಿದ್ದು ಇಷ್ಟನ್ನೇ.